ಹೂವಿನಹಡಗಲಿಯ ದಾರಿಯಲ್ಲಿ ಹಗಲುನಿದ್ದೆ

ವಿಜಯನಗರ ಜಿಲ್ಲೆಯೆಂದೊಡನೆ ಹೊರಗಿನವರ ಕಣ್ಣ ಮುಂದೆ ನಿಲ್ಲುವುದು ಹಂಪೆ. ಪ್ರವಾಸಿಗಳು ಹೊಸಪೇಟೆಯಲ್ಲಿ ಇಳಿಯುತ್ತಾರೆ. ಕಲ್ಲಿನ ರಥವನ್ನು ನೋಡುತ್ತಾರೆ. ತುಂಗಭದ್ರಾ ಅಣೆಕಟ್ಟಿನ ಬಳಿ ಚಿತ್ರ ತೆಗೆಸಿಕೊಂಡು ರಾತ್ರಿಯ ಗಾಡಿಗೆ ಹಿಂದಿರುಗುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಅಲ್ಲಿಂದ ಆಚೆಗೆ ಹರಡಿಕೊಂಡಿವೆಯೆಂಬುದು ಅವರಲ್ಲಿ ಬಹು ಮಂದಿಗೆ ತಿಳಿದೇ ಇರುವುದಿಲ್ಲ. ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ನೆಲ. ನಡುನಡುವೆ ಬೋಳು ಗುಡ್ಡ. ಊರಿಗೊಂದು ಕೆರೆ, ಊರೂರಿಗೊಂದು ಹಳೆಯ ಶಿವಾಲಯ. ನಾವು ಅಲ್ಲಿಗೆ ಹೋದದ್ದು ನೋಡುವುದಕ್ಕೆಂದಲ್ಲ, ಒಂದು ಕೆಲಸದ ಮೇಲೆ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ನಿದ್ದೆಯ ವಿಚಾರವೇ ಆ ಕೆಲಸ.

ನನ್ನ ಜತೆಗಿದ್ದವನು ಅಕ್ಕನ ಮಗ. ಇಪ್ಪತ್ತೊಂದರ ತರುಣ, ಬೆಂಗಳೂರಿನ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿ. ಭಾವನವರ ಮೂಲ ಊರು ಹಡಗಲಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಅವರ ದಾಯಾದಿಗಳ ಮನೆ ಈಗಲೂ ಇದೆ. ದಸರೆ ಕಳೆದ ಮೇಲೆ ಆ ಮನೆಯಿಂದ ಸುದ್ದಿ ಬಂದಿತು. ಮನೆಯ ಹಿರಿಯ ಹುಡುಗಿ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವಳು, ಪಾಠದ ನಡುವೆ ನಿದ್ದೆ ಹೋಗುತ್ತಾಳೆ. ಉಣ್ಣುತ್ತ ಕುಳಿತಲ್ಲಿಯೂ ಹೋಗುತ್ತಾಳೆ. ಗೆಳತಿಯರ ಮಾತಿಗೆ ಜೋರಾಗಿ ನಕ್ಕರೆ ಮೊಣಕಾಲು ಮಡಿಸಿ ಕುಸಿಯುತ್ತಾಳೆ. ಮೂರ್ಛೆರೋಗವೆಂದು ವೈದ್ಯರೊಬ್ಬರು ಗುಳಿಗೆ ಕೊಟ್ಟಿದ್ದಾರೆ. ಎಂಟು ತಿಂಗಳು ನುಂಗಿದರೂ ಗುಣವಿಲ್ಲ. ಗಾಳಿ ಸೋಕಿದೆಯೆಂದು ಊರವರು. ಈ ವರ್ಷಕ್ಕೆ ಓದು ಸಾಕು ಎಂದು ಅಜ್ಜಿ. ಅಕ್ಕ ಇದನ್ನೆಲ್ಲ ಹೇಳುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಹುಡುಗ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ, "ಮಾವ, ಇದು ನನ್ನದೇ ಬೇನೆ. ನಾವು ಹೋಗಿ ಬರೋಣ," ಎಂದ.

ಅವನ ಬೇನೆಯ ಹೆಸರು ನಾರ್ಕೊಲೆಪ್ಸಿ. ಕನ್ನಡದಲ್ಲಿ ಇದಕ್ಕೆ ನಾಲಗೆಗೆ ಒಗ್ಗಿದ ಹೆಸರೊಂದು ಇನ್ನೂ ಹುಟ್ಟಿಲ್ಲ. ಎಡ್ವರ್ಡ್ ಜೆಲಿನೊ ಎಂಬ ಫ್ರೆಂಚ್ ವೈದ್ಯ 1880ರಲ್ಲಿ ಈ ಹೆಸರನ್ನಿಟ್ಟ. ದ್ರಾಕ್ಷಾರಸದ ಪೀಪಾಯಿಗಳನ್ನು ಮಾರುತ್ತಿದ್ದ 38 ವರ್ಷದ ವ್ಯಾಪಾರಿಯೊಬ್ಬ ಆತನ ಬಳಿಗೆ ಬಂದಿದ್ದನಂತೆ. ದಿನಕ್ಕೆ ಇನ್ನೂರು ಸಲದವರೆಗೂ ಅವನಿಗೆ ನಿದ್ದೆಯ ಆಘಾತ ಬಡಿಯುತ್ತಿತ್ತು. ವಿದೇಶಗಳ ಲೆಕ್ಕದಂತೆ ಒಂದು ಲಕ್ಷ ಜನರಲ್ಲಿ 25ರಿಂದ 50 ಮಂದಿಗೆ ಇದು ಇರುತ್ತದೆ. ಬಹುಪಾಲು ಹತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲಿ, ಎಂದರೆ ಓದುವ ಮತ್ತು ಬಾಳಿಗೆ ಅಣಿಯಾಗುವ ವಯಸ್ಸಿನಲ್ಲಿಯೇ, ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಂಡ ಮೇಲೆ ಅದರ ಹೆಸರು ತಿಳಿಯುವ ಹೊತ್ತಿಗೆ ವೈದ್ಯಕೀಯದಲ್ಲಿ ಮುಂದುವರಿದ ನಾಡುಗಳಲ್ಲಿಯೇ ಎಂಟು ಹತ್ತು ವರ್ಷ ಕಳೆದುಹೋಗುವುದುಂಟು.

ನಮ್ಮ ಹುಡುಗನಿಗೆ ಐದು ವರ್ಷ ಹಿಡಿಯಿತು. ಆ ಐದು ವರ್ಷ ಅವನಿಗೆ ದೊರೆತದ್ದು ಕುಂಭಕರ್ಣನೆಂಬ ಬಿರುದು ಮತ್ತು ರಕ್ತ ಹೆಚ್ಚುವ ಟಾನಿಕ್ಕು. ಪರೀಕ್ಷೆಯ ಕೊಠಡಿಯಲ್ಲಿ ಅವನ ಬರೆವಣಿಗೆ ಸಾಲು ಬಿಟ್ಟು ಕೆಳಕ್ಕೆ ಜಾರಿ ಇಳಿದ ಉತ್ತರಪತ್ರಿಕೆಯನ್ನು ನಾನು ನೋಡಿದ್ದೇನೆ. ಕೈ ಬರೆಯುತ್ತಲೇ ಇದೆ, ಮನಸ್ಸು ಮಾತ್ರ ಆಗಲೇ ಮಲಗಿದೆ. ರಾತ್ರಿ ಗಾಢವಾಗಿ ನಿದ್ದೆ ಬರುತ್ತಿತ್ತೆ ಎಂದರೆ ಅದೂ ಇಲ್ಲ. ಹತ್ತು ಸಲ ಎಚ್ಚರ. ಕಣ್ಣು ಬಿಟ್ಟ ಮೇಲೂ ಕೈಕಾಲು ಆಡದು. ಬಾಗಿಲಲ್ಲಿ ಯಾರೋ ನಿಂತಂತೆ, ಎದೆಯ ಮೇಲೆ ಕುಳಿತಂತೆ ಕಾಣುವುದು. ಹಳ್ಳಿಯಲ್ಲಿ ಇದನ್ನು ದೆವ್ವವೆನ್ನುತ್ತಾರೆ. ವೈದ್ಯರು ಬೇರೆ ಅರ್ಥ ಹೇಳುತ್ತಾರೆ. ಕನಸು ಕಾಣುವ ನಿದ್ದೆಯಲ್ಲಿ ನಮ್ಮೆಲ್ಲರ ಸ್ನಾಯುಗಳೂ ಸಡಿಲಗೊಂಡಿರುತ್ತವೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ಹಾಸಿಗೆಯಿಂದೆದ್ದು ಓಡಿಬಿಡುತ್ತಿದ್ದೆವು. ಸಾಮಾನ್ಯರಿಗೆ ಆ ಕನಸಿನ ನಿದ್ದೆ ಮಲಗಿದ ಸುಮಾರು ಒಂದೂವರೆ ಗಂಟೆಯ ಮೇಲೆ ಬರುತ್ತದೆ. ಈ ಬೇನೆಯವರಿಗೆ ಕಣ್ಣು ಮುಚ್ಚಿದ ಕೆಲವು ನಿಮಿಷಗಳಲ್ಲೇ ಬರುತ್ತದೆ, ಎಚ್ಚರದೊಳಕ್ಕೂ ನುಗ್ಗುತ್ತದೆ. ನಗು ಬಂದಾಗ ಮೊಣಕಾಲು ಕುಸಿಯುವುದೂ ಅದೇ ಸಡಿಲಿಕೆ ತಪ್ಪಿದ ಹೊತ್ತಿನಲ್ಲಿ ಬಂದದ್ದು.

ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ದಾರಿ ನಮ್ಮ ಐದರಲ್ಲಿ ಮೂರು ಊರುಗಳನ್ನು ಮುಟ್ಟುತ್ತದೆ. ಮೊದಲು ಮರಿಯಮ್ಮನಹಳ್ಳಿ. ತುಂಗಭದ್ರೆಯ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯ ಜನ ಬಂದು ನೆಲೆಸಿದ ಊರು ಇದು. ಬಳಿಕ ಹಗರಿಬೊಮ್ಮನಹಳ್ಳಿ. ಆ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಜಾಲಿಮರಗಳ ಮೇಲೆ ಕೊಕ್ಕರೆಗಳೂ ನೀರುಕಾಗೆಗಳೂ ಸಾವಿರಗಟ್ಟಲೆ ಗೂಡು ಕಟ್ಟುತ್ತವೆ; 2024ರಲ್ಲಿ ಅದು ರಾಮ್ಸಾರ್ ಒಪ್ಪಂದದ ಪಟ್ಟಿಗೂ ಸೇರಿತು. ಕಿಟಕಿಯ ಬಳಿ ಕುಳಿತಿದ್ದ ಹುಡುಗ, ಬಾತುಕೋಳಿ ಅರ್ಧ ಮಿದುಳನ್ನು ಮಲಗಿಸಿ ಇನ್ನರ್ಧವನ್ನು ಎಚ್ಚರವಿಟ್ಟು, ಒಂದು ಕಣ್ಣು ತೆರೆದುಕೊಂಡೇ ನಿದ್ದೆ ಮಾಡಬಲ್ಲದು ಎಂದು ಹೇಳಿದ. ನಿದ್ದೆಯ ವಿಷಯ ಓದಿ ಓದಿ ಅವನು ಈಗ ಅರ್ಧ ವೈದ್ಯನೇ ಆಗಿದ್ದಾನೆ. "ನಮ್ಮದು ಅದರ ತಲೆಕೆಳಗು, ಮಾವ. ಎರಡು ಕಣ್ಣೂ ತೆರೆದಿರುತ್ತವೆ. ಒಳಗೆ ಮಾತ್ರ ಯಾರೂ ಇರುವುದಿಲ್ಲ."

ಕೊಟ್ಟೂರಿನಲ್ಲಿ ಇಳಿದು ಅರ್ಧ ದಿನ ನಿಂತೆವು. ಗುರು ಕೊಟ್ಟೂರೇಶ್ವರನ ಊರು. ಮಾಘ ಕಳೆಯುವ ಹೊತ್ತಿಗೆ ತೇರು. ದಾವಣಗೆರೆಯ ಕಡೆಯಿಂದ, ಇನ್ನೂ ದೂರದ ಊರುಗಳಿಂದ, ಬರಿಗಾಲಿನಲ್ಲಿ ನಡೆದು ಬರುವ ಭಕ್ತರಿಂದ ಆಗ ಇಲ್ಲಿಯ ದಾರಿಗಳೆಲ್ಲ ತುಂಬಿಹೋಗುತ್ತವೆ. ನಾವು ಹೋದಾಗ ಜಾತ್ರೆಯಿಲ್ಲ, ಗದ್ದಲವಿಲ್ಲ. ಗುಡಿಯ ಮುಂದಿನ ಬೀದಿಯ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆಯನ್ನೂ ಮಿರ್ಚಿಯನ್ನೂ ತಿನ್ನುತ್ತ ಕುಳಿತೆವು. ಹುಡುಗ ಅರ್ಧ ತಟ್ಟೆಗೆ ನಿಲ್ಲಿಸಿದ. ಮಧ್ಯಾಹ್ನ ಹೊಟ್ಟೆ ಭಾರವಾದರೆ ಅವನಿಗೆ ಮುಂದಿನ ಎರಡು ಗಂಟೆ ಹೋದಂತೆಯೇ. ಅನ್ನದ ರಾಶಿಗಿಂತ ಒಂದು ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆ ಅವನಿಗೆ ಹಿತ. ಆಗಲೇ ಅವನ ಕಣ್ಣು ಜೋಲತೊಡಗಿದ್ದವು. ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ತಾಯಿಯೊಬ್ಬರು, "ಯಾಕ ತಮ್ಮಾ, ರಾತ್ರಿ ನಿದ್ದಿ ಮಾಡಿಲ್ಲೇನು?" ಎಂದು ಕೇಳಿದರು. ಅವನು ನಾಚದೆ ಎಲ್ಲವನ್ನೂ ಹೇಳಿದ. ಆಕೆ ಕಿವಿಗೊಟ್ಟು ಕೇಳಿ, "ಕೊಟ್ಟೂರಯ್ಯಗ ಒಂದು ಹರಕಿ ಹೊತ್ಕೋ. ಗುಳಿಗೀನೂ ಬಿಡಬ್ಯಾಡ ಮತ್ತ," ಎಂದರು. ನನಗೆ ಆ ಮಾತು ಹಿಡಿಸಿತು. ಹರಕೆಗೂ ಗುಳಿಗೆಗೂ ಜಗಳ ಹಚ್ಚುವವರನ್ನು ನಾನು ಪಟ್ಟಣದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಹಳ್ಳಿಯ ಈ ಮುದುಕಿ ಎರಡನ್ನೂ ಒಂದೇ ಮಡಿಲಿನಲ್ಲಿ ಕಟ್ಟಿಕೊಟ್ಟರು.

ಹರಪನಹಳ್ಳಿ ಪಾಳೆಯಗಾರರ ಊರು. ಈ ತಾಲ್ಲೂಕಿನಷ್ಟು ಜಿಲ್ಲೆ ಬದಲಾಯಿಸಿದ ತಾಲ್ಲೂಕು ಕರ್ನಾಟಕದಲ್ಲಿ ವಿರಳವೆಂದೇ ನನ್ನ ಭಾವನೆ. ಬಳ್ಳಾರಿಯಲ್ಲಿದ್ದುದು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರ ಪಾಲಾಯಿತು. ನಕ್ಷೆಯಲ್ಲಿ ಗೆರೆ ಸರಿಸುವುದು ಸುಲಭ. ಕಾಗದಪತ್ರ ಹಿಡಿದುಕೊಂಡು ಯಾವ ಊರಿನ ಜಿಲ್ಲಾಸ್ಪತ್ರೆಗೆ ಹೋಗಬೇಕೆಂಬ ಗೊಂದಲ ಮಾತ್ರ ರೋಗಿಯ ಮನೆಯವರ ಪಾಲಿಗೆ ಉಳಿಯುತ್ತದೆ.

ಆ ಊರಿನಲ್ಲಿ ನಾವು ಕಂಡವರು ಆರೋಗ್ಯ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು. ಬಿಳಿಯ ಪಂಚೆ, ಬಿಳಿಯ ಅಂಗಿ. ಎಂಬತ್ತರ ಹತ್ತಿರದ ವಯಸ್ಸಾದರೂ ನೆನಪು ಚುರುಕು. ಅವರು ಹೇಳಿದ ಸಂಗತಿ ಈ ಐದು ತಾಲ್ಲೂಕುಗಳ ಹೊಸ ತಲೆಮಾರಿಗೂ ಅಷ್ಟಾಗಿ ತಿಳಿದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಭಾರತ ಸರ್ಕಾರ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಹಾಕಿಕೊಂಡಿತು. ಕಾಗದದ ಮೇಲಿನ ಈ ಯೋಜನೆ ಒಂದು ಇಡೀ ಜಿಲ್ಲೆಯಲ್ಲಿ ನಡೆದೀತೆ ಎಂದು ಪರೀಕ್ಷಿಸಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಈ ಐದು ಊರುಗಳೂ ಆಗ ಬಳ್ಳಾರಿಯಲ್ಲಿಯೇ ಇದ್ದವು. ರಾಜಧಾನಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. 1981ರ ಜನಗಣತಿಯಂತೆ ಸುಮಾರು 15 ಲಕ್ಷ ಜನ. 1985ರಿಂದ 1990ರವರೆಗೆ ನಡೆದ ಆ ಪ್ರಯೋಗದಲ್ಲಿ ತಜ್ಞರು ಹಳ್ಳಿಹಳ್ಳಿಗೂ ಬಂದು ಕೂರಲಿಲ್ಲ. ಅಷ್ಟು ತಜ್ಞರು ದೇಶದಲ್ಲಿಯೇ ಇರಲಿಲ್ಲ. ಬದಲಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ, ಮನೆಮನೆಗೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ರೋಗದ ಗುರುತುಗಳನ್ನು ಕಲಿಸಿದರು. ಮಲೇರಿಯಾದ ರಕ್ತಲೇಪನ ತೆಗೆಯಲು, ಲಸಿಕೆಯ ಲೆಕ್ಕ ಬರೆಯಲು ಹೋದವನೇ, "ನಿಮ್ಮ ಓಣಿಯಲ್ಲಿ ಯಾರಾದರೂ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಾರೆಯೆ? ಯಾರಿಗಾದರೂ ಮೂರ್ಛೆ ಬರುತ್ತದೆಯೆ?" ಎಂದು ಕೇಳಬೇಕು. ಗುಳಿಗೆ ಹತ್ತಿರದ ಕೇಂದ್ರದಲ್ಲಿಯೇ ಸಿಗಬೇಕು. ಇದೇ ಮುಂದೆ 'ಬಳ್ಳಾರಿ ಮಾದರಿ' ಎಂದು ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಅದರ ಅಡಿಪಾಯ ಇಲ್ಲಿಯದೇ. ಹೊರನಾಡಿನ ವೈದ್ಯಗ್ರಂಥಗಳಲ್ಲಿ ಬಳ್ಳಾರಿಯ ಹೆಸರು ಅಚ್ಚಾಗಿರುವುದು ಗಣಿಗಾಗಿ ಅಲ್ಲ, ಇದಕ್ಕಾಗಿ.

"ಮೂರ್ಛೆರೋಗಿಗಳೇ ಹೆಚ್ಚು ಮಂದಿ ಸಿಕ್ಕಿದರು," ಎಂದರು ಹಿರಿಯರು. "ಅದುವರೆಗೆ ಕಬ್ಬಿಣ ಹಿಡಿಸುತ್ತಿದ್ದರು, ಈರುಳ್ಳಿ ಮೂಸಿಸುತ್ತಿದ್ದರು. ಗುಳಿಗೆ ಶುರುವಾದ ಮೇಲೆ ಕೂಲಿಗೆ ಹೋಗತೊಡಗಿದರು. ಆದರೆ ಈ ನಿಮ್ಮ ಹಗಲುನಿದ್ದೆಯ ಬೇನೆ ನಮ್ಮ ಪಾಠದಲ್ಲಿ ಬಂದ ನೆನಪಿಲ್ಲ. ಈಗ ನೀವು ಹೇಳುವುದನ್ನು ಕೇಳಿದರೆ ಒಂದಿಬ್ಬರನ್ನು ನಾನು ನೋಡಿರಲೂಬಹುದು."

ನಾರ್ಕೊಲೆಪ್ಸಿ ಮನೋರೋಗವಲ್ಲ, ಮಿದುಳಿನದು. ಅದಕ್ಕೂ ಮನಸ್ಸಿನ ದಾರ್ಢ್ಯಕ್ಕೂ ಸಂಬಂಧವಿಲ್ಲ. ಆದರೂ ನಾನು ಈ ಹಳೆಯ ಪ್ರಯೋಗವನ್ನು ಮತ್ತೆ ಮತ್ತೆ ನೆನೆಯುವುದಕ್ಕೆ ಕಾರಣವುಂಟು. ಗುರುತು ಹಿಡಿಯುವ ವಿದ್ಯೆಯನ್ನು ಹಳ್ಳಿಯ ಬಾಗಿಲಿಗೆ ಒಯ್ಯಬಹುದೆಂಬುದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟ ನೆಲ ಇದು. ಇದೇ ನೆಲದ ಹುಡುಗಿಯೊಬ್ಬಳು ಎಂಟು ತಿಂಗಳು ತನ್ನದಲ್ಲದ ರೋಗಕ್ಕೆ ಗುಳಿಗೆ ನುಂಗಿದಳು.

ಮಧ್ಯಾಹ್ನ ಊರಿಗೆ ಹತ್ತಿರದ ಬಾಗಳಿಗೆ ಹೋದೆವು. ಹತ್ತನೆಯ ಶತಮಾನದ ಕೊನೆಗೆ ಸೇರಿದ ಕಲ್ಲೇಶ್ವರ ದೇವಾಲಯ. ಸಾಲುಗಂಬಗಳ ಮಂಟಪ, ಕಡೆದು ನುಣುಪುಗೊಳಿಸಿದ ಕಂಬಗಳು, ಒಳಗೆ ಹೆಜ್ಜೆಯಿಟ್ಟೊಡನೆ ತಂಪು. ಹುಡುಗ ಕೈಗಡಿಯಾರ ನೋಡಿಕೊಂಡು, "ಮಾವ, ಇಪ್ಪತ್ತು ನಿಮಿಷ," ಎಂದು ಕಂಬಕ್ಕೊರಗಿ ಕಣ್ಣು ಮುಚ್ಚಿದ. ದಿನಕ್ಕೆರಡು ಸಲ, ಗೊತ್ತಾದ ಹೊತ್ತಿಗೆ, ಹೀಗೆ ಮಲಗುವುದು ಅವನ ಔಷಧದ ಒಂದು ಭಾಗ. ಇನ್ನೊಂದು ಭಾಗ ಬೆಳಗ್ಗೆ ನುಂಗುವ ಮೊಡಾಫಿನಿಲ್ ಎಂಬ ಗುಳಿಗೆ. ಅದು ಬೇನೆಯನ್ನು ಗುಣಪಡಿಸುವುದಿಲ್ಲ, ಎಚ್ಚರವನ್ನು ಕೈಹಿಡಿದು ನಡೆಸುತ್ತದೆ; ವೈದ್ಯರು ಬರೆದುಕೊಡದೆ ನುಂಗತಕ್ಕದ್ದಲ್ಲ. 'ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ' ಎಂದು ನಮ್ಮಲ್ಲೊಂದು ಗಾದೆ. ಗಾದೆ ಹೇಳಿದವರು ಅದನ್ನು ತಪ್ಪೆಂಬಂತೆ ಹೇಳಿದ್ದಾರೆ. ಈ ಒಂದು ರೋಗಕ್ಕಾದರೋ ಅದೇ ಮದ್ದು. ಇಪ್ಪತ್ತೊಂದನೆಯ ನಿಮಿಷಕ್ಕೆ ಅವನು ಎದ್ದು ಕುಳಿತು, ನನಗಿಂತ ಚುರುಕಾಗಿ ಆ ಕಂಬಗಳನ್ನು ಎಣಿಸತೊಡಗಿದ.

ಹರಪನಹಳ್ಳಿಯಿಂದ ಹಡಗಲಿಗೆ ಬಸ್ಸು. ಹೂವಿನಹಡಗಲಿ ಎಂಬ ಹೆಸರು ಬಂದದ್ದು ಇಲ್ಲಿಂದ ವಿಜಯನಗರಕ್ಕೆ ತುಂಗಭದ್ರೆಯ ಮೇಲೆ ಹೂವು ಹೋಗುತ್ತಿದ್ದುದರಿಂದ ಎಂಬ ಮಾತಿದೆ. ಅರಸರು ಹೋದರೂ ಮಲ್ಲಿಗೆ ನಿಂತಿದೆ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿದೆ. ಮೊಗ್ಗು ಬಿರಿಯುವ ಮೊದಲೇ ಕೀಳಬೇಕಾದ್ದರಿಂದ ಮಲ್ಲಿಗೆ ತೋಟದವರಿಗೆ ನಸುಕಿನಲ್ಲೇ ಹಗಲಾಗುತ್ತದೆ. ನಮ್ಮ ಬಂಧುಗಳ ಮನೆಯೂ ಅಂಥದೇ. ನಾಲ್ಕು ಗಂಟೆಗೆ ಎದ್ದು ಮೊಗ್ಗು ಬಿಡಿಸುವ ಹುಡುಗಿ ತರಗತಿಯಲ್ಲಿ ತೂಕಡಿಸಿದರೆ ಅದರಲ್ಲೇನು ಅಚ್ಚರಿ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ನಿದ್ದೆಗೆಟ್ಟವರಿಗೆ, ರಕ್ತ ಕಡಮೆಯಿರುವವರಿಗೆ, ಥೈರಾಯ್ಡ್ ಕುಗ್ಗಿದವರಿಗೆ, ಮನಸ್ಸು ಕುಂದಿದವರಿಗೆ, ಗೊರಕೆಯಲ್ಲಿ ಉಸಿರು ಕಟ್ಟುವವರಿಗೆ, ಎಲ್ಲರಿಗೂ ಹಗಲು ನಿದ್ದೆ ಬರುತ್ತದೆ. ತೂಕಡಿಸಿದವರೆಲ್ಲ ನಾರ್ಕೊಲೆಪ್ಸಿಯವರಲ್ಲ. ಆದರೆ ಈ ಹುಡುಗಿಯನ್ನು ಆರು ತಿಂಗಳಿಂದ ತೋಟಕ್ಕೆ ಕಳಿಸಿಯೇ ಇಲ್ಲ. ಒಂಬತ್ತು ಗಂಟೆ ಮಲಗಿದರೂ ಹಗಲಿನ ಪಾಡು ಬದಲಾಗಿಲ್ಲ.

ನಾವು ಜಗುಲಿಯ ಮೇಲೆ ಕುಳಿತಿದ್ದಾಗ ಅವಳೇ ನೀರು ತಂದುಕೊಟ್ಟಳು. ಸಣ್ಣ ತಮ್ಮ ಏನೋ ಅಣಕ ಮಾಡಿದ. ಅವಳು ನಕ್ಕಳು. ನೋಡುತ್ತಿದ್ದಂತೆಯೇ ಗದ್ದ ಜೋತುಬಿದ್ದಿತು, ಕತ್ತು ಬಾಗಿತು, ಮೊಣಕಾಲು ಸಡಿಲಿ ಗೋಡೆಗೆ ಒರಗಿದಂತೆಯೇ ಕೆಳಕ್ಕೆ ಜಾರಿದಳು. ತಾಯಿ ಓಡಿಬಂದರು, ಅಜ್ಜಿ ಕೈಯಲ್ಲಿ ಬೀಗದ ಕೈಗೊಂಚಲು. ನನ್ನ ಸೋದರಳಿಯ ಮಾತ್ರ ಅವಳ ಮಗ್ಗುಲಲ್ಲಿ ನೆಲದ ಮೇಲೆಯೇ ಕುಳಿತು, "ತಂಗೀ, ನಾ ಹೇಳೋದು ಕೇಳಿಸ್ತದಲ್ಲಾ? ಹೆದರಬೇಡ. ಈಗ ಹೋಗ್ತದೆ. ನನಗೂ ಹಿಂಗೇ ಆಗ್ತದೆ," ಎಂದ. ಒಂದು ನಿಮಿಷವೂ ಆಗಿರಲಾರದು. ಅವಳು ಎದ್ದು ಕುಳಿತು ಅವನ ಮುಖವನ್ನೇ ನೋಡಿದಳು. "ಎಲ್ಲಾ ಕೇಳಿಸ್ತಿತ್ತು ಅಣ್ಣಾ. ಯಾವಾಗ್ಲೂ ಕೇಳಿಸ್ತದ. ಯಾರೂ ನಂಬಂಗಿಲ್ಲ."

ಮೂರ್ಛೆಯಿಂದ ಇದನ್ನು ಬೇರ್ಪಡಿಸುವ ಮುಖ್ಯ ಗುರುತೇ ಇದು: ಪ್ರಜ್ಞೆ ಹೋಗುವುದಿಲ್ಲ, ಕಿವಿ ಕೇಳುತ್ತಿರುತ್ತದೆ, ನಾಲಗೆ ಕಚ್ಚಿಕೊಳ್ಳುವುದಿಲ್ಲ, ನಗುವಿನಂಥ ಭಾವವೊಂದು ಮುಂದಾಗಿ ಬಂದಿರುತ್ತದೆ. ವೈದ್ಯರು ಇದಕ್ಕೆ ಕೆಟಾಪ್ಲೆಕ್ಸಿ ಎನ್ನುತ್ತಾರೆ. ಕಾರಣ ತಿಳಿದದ್ದು ಇತ್ತೀಚೆಗೆ. ಎಚ್ಚರವನ್ನು ಅಲುಗದಂತೆ ಹಿಡಿದು ನಿಲ್ಲಿಸುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು 1998ರಲ್ಲಿ ಎರಡು ವಿಜ್ಞಾನಿ ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದವು. ಇನ್ನೊಂದು ತಂಡ ಅದನ್ನೇ ಹೈಪೊಕ್ರೆಟಿನ್ ಎಂದಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿನಿಂದಲೇ ಈ ಬೇನೆಯಿದ್ದ ನಾಯಿಗಳ ಒಂದು ಹಿಂಡನ್ನು ಸಾಕಿದ್ದರು. ಇಷ್ಟವಾದ ತಿಂಡಿ ಇಟ್ಟರೆ ಸಾಕು, ಸಂತೋಷ ತಾಳಲಾರದೆ ಆ ನಾಯಿಗಳು ಕುಸಿದು ಮಲಗುತ್ತಿದ್ದವು. ಆ ರಾಸಾಯನಿಕವನ್ನು ಹಿಡಿದುಕೊಳ್ಳುವ ಜೀವಕೋಶದ ಬಾಗಿಲೇ ಅವುಗಳಲ್ಲಿ ಕೆಟ್ಟಿದೆಯೆಂದು 1999ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಬಾಗಿಲು ಸರಿಯಿರುತ್ತದೆ. ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳೇ ನಶಿಸಿರುತ್ತವೆ. ಶರೀರದ ರಕ್ಷಣಾವ್ಯವಸ್ಥೆಯೇ ಶತ್ರುವೆಂದು ಬಗೆದು ಅವನ್ನು ಕೊಲ್ಲುತ್ತದೆಂದು ಬಹುಪಾಲು ತಜ್ಞರ ಅಭಿಪ್ರಾಯ. ಹುಡುಗಿಯ ಸೋಮಾರಿತನಕ್ಕಾಗಲಿ ತಾಯಿಯ ಸಾಕಣೆಗಾಗಲಿ ಇಲ್ಲಿ ಎಡೆಯೇ ಇಲ್ಲ.

ಸಂಜೆ ಅಜ್ಜಿಯೊಡನೆ ಮಾತು ಬೆಳೆಯಿತು. ಈ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕಾರ್ಣಿಕ ನಡೆಯುತ್ತದೆ. ಕಂಬಳಿಯ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದರೆ ಲಕ್ಷ ಜನದ ಬಯಲು ಮೌನವಾಗುತ್ತದೆ. ವರ್ಷದ ಮಳೆಬೆಳೆಯ ಒಂದು ನುಡಿಯನ್ನಾಡಿ ಆತ ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಹುಡುಗಿಯನ್ನು ಅಲ್ಲಿಗೂ ಕರೆದೊಯ್ದಿದ್ದರಂತೆ. ಅದನ್ನು ಹೇಳುತ್ತ ಅಜ್ಜಿ ತಾವೇ ಸ್ವಲ್ಪ ಹೊತ್ತು ಸುಮ್ಮನಾದರು. "ಗೊರವಯ್ಯ ಬಿದ್ರ ಹಿಡಿಯಾಕ ಸಾವಿರ ಕೈ. ಇಕಿ ಬಿದ್ರ ಸಾಲ್ಯಾಗಿನ ಹುಡುಗ್ರು ನಗ್ತಾವಂತ." ಓದು ಬಿಡಿಸುವ ಮಾತನ್ನು ಆ ರಾತ್ರಿ ಅವರು ಮತ್ತೆ ಎತ್ತಲಿಲ್ಲ, ಬಿಡಿಸುವುದಿಲ್ಲವೆಂದೂ ಹೇಳಲಿಲ್ಲ.

ಮರುದಿನ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯರು ಸಜ್ಜನರು, ಆದರೆ ಇಂಥ ಒಂದು ರೋಗವಿದೆಯೆಂಬುದನ್ನೇ ಅವರು ಕೇಳಿರಲಿಲ್ಲ. ನನ್ನ ಸೋದರಳಿಯ ಬೆಂಗಳೂರಿನಲ್ಲಿಯೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ತಂದಿದ್ದ. ಇವಳು ಬೇಕೆಂದು ಮಲಗುವುದಿಲ್ಲ. ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಮಲಗಲು ಒಂದು ಮೂಲೆ ಕೊಡಿ. ನಗುವಾಗ ಕುಸಿದರೆ ನೀರೆರಚಬೇಡಿ, ಕಬ್ಬಿಣ ಹಿಡಿಸಬೇಡಿ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು ಸುಮ್ಮನಿರಿ. ಬಾವಿ, ಕಾಲುವೆಯ ಕಡೆಗೆ ಒಬ್ಬಳನ್ನೇ ಕಳಿಸಬೇಡಿ. ಅಷ್ಟೇ. ಮುಖ್ಯೋಪಾಧ್ಯಾಯರು ಎರಡು ಸಲ ಓದಿ, ವೈದ್ಯರ ಚೀಟಿ ಬಂದ ಮೇಲೆ ಇದನ್ನು ಉಪಾಧ್ಯಾಯರ ಕೊಠಡಿಯಲ್ಲಿ ಅಂಟಿಸುವೆನೆಂದರು. ಚೀಟಿಗೆ ಮೊದಲೇ ಮೂಲೆಯ ಏರ್ಪಾಟು ಆಗಬಹುದಲ್ಲ ಎಂದು ಹುಡುಗ ಕೇಳಿದ. ಅವರು ನಕ್ಕು, ಆಗಲಿ ಎಂದರು. ನನಗೆ ಮಟ್ಟಿಗೆ ಈ ಪ್ರವಾಸದಲ್ಲಿ ಹಂಪೆಯನ್ನು ಕಂಡಷ್ಟು ಸಂತೋಷವಾದದ್ದು ಆಗ.

ಚೀಟಿ ಬರಬೇಕಾದರೆ ಪರೀಕ್ಷೆಯಾಗಬೇಕು. ಒಂದು ರಾತ್ರಿಯಿಡೀ ತಲೆಗೆ ತಂತಿಗಳನ್ನು ಅಂಟಿಸಿ ನಿದ್ದೆಯನ್ನು ದಾಖಲಿಸುತ್ತಾರೆ. ಮರುದಿನ ಎರಡೆರಡು ಗಂಟೆಗೊಮ್ಮೆ, ನಾಲ್ಕೈದು ಸಲ, ಮಲಗಲು ಹೇಳುತ್ತಾರೆ. ಸರಾಸರಿ ಎಂಟು ನಿಮಿಷದೊಳಗೆ ನಿದ್ದೆ ಹತ್ತಿ, ಅದರಲ್ಲಿ ಎರಡು ಸಲವಾದರೂ ಕನಸಿನ ನಿದ್ದೆ ಕೂಡಲೇ ಬಂದರೆ ರೋಗ ನಿಶ್ಚಯವಾಗುತ್ತದೆ. ಈ ಏರ್ಪಾಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಆಗುವಂಥದಲ್ಲ. ಬಳ್ಳಾರಿಯಲ್ಲಿ 1961ರಲ್ಲಿ ಸ್ಥಾಪನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಹುಬ್ಬಳ್ಳಿಯಲ್ಲೂ ಇದೆ, ಮೊದಲ ಸಲಹೆಗೆ ಅಲ್ಲಿಗೆ ಹೋಗಬಹುದು. ನಿದ್ದೆಯನ್ನೇ ಅಧ್ಯಯನ ಮಾಡುವ ಪ್ರಯೋಗಶಾಲೆಯಿರುವುದು ಬೆಂಗಳೂರಿನ ನಿಮ್ಹಾನ್ಸಿನಲ್ಲಿ. ಯಾರನ್ನು ಕೇಳಬೇಕೆಂದೇ ತಿಳಿಯದವರಿಗೆ 14416 ಎಂಬ ಸಂಖ್ಯೆಯ ಟೆಲಿಮಾನಸ್ ಸಹಾಯವಾಣಿಯುಂಟು. 2022ರಲ್ಲಿ ಆರಂಭವಾದದ್ದು, ಮುಖ್ಯವಾಗಿ ಮನಸ್ಸಿನ ತೊಂದರೆಗಳಿಗಾಗಿ. ಆದರೂ ಕನ್ನಡದಲ್ಲಿಯೇ ಮಾತಾಡಬಹುದು, ಹಣ ತೆರಬೇಕಿಲ್ಲ. ವರ್ಷಗಟ್ಟಲೆ ಬೈಗುಳ ತಿಂದು ಕುಗ್ಗಿದ ಮನಸ್ಸಿಗೂ ಒಂದು ಆಸರೆ ಬೇಕಷ್ಟೆ. ಸರ್ಕಾರದ ಪಟ್ಟಿಗಳಲ್ಲಿ ಈ ಬೇನೆಗೆ ತಾವು ಸುಲಭವಾಗಿ ಸಿಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಹೆಸರಿಸುತ್ತದೆ, ದೀರ್ಘಕಾಲದ ನರರೋಗಗಳೆಂಬ ತಲೆಬರಹವೂ ಅದರಲ್ಲಿದೆ, ನಾರ್ಕೊಲೆಪ್ಸಿಯ ಹೆಸರಿಲ್ಲ.

ಜಪಾನಿನಲ್ಲಿ ಈ ಬೇನೆಯವರೇ ಸೇರಿ 1960ರ ದಶಕದಲ್ಲಿಯೇ ಸಂಘ ಕಟ್ಟಿಕೊಂಡರು. 2019ರಿಂದ ಸೆಪ್ಟೆಂಬರ್ 22 ವಿಶ್ವ ನಾರ್ಕೊಲೆಪ್ಸಿ ದಿನವಾಗಿದೆ. ಹಡಗಲಿಯ ಆ ಹಳ್ಳಿಯಲ್ಲಿ ಸಂಘವೆಂದರೆ ಸದ್ಯಕ್ಕೆ ಇಬ್ಬರೇ. ಹೊರಡುವ ಮುನ್ನಾ ದಿನ ಅವರಿಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕುಳಿತು ಎರಡು ಗಂಟೆ ಮಾತಾಡಿದರು. ಎದೆಯ ಮೇಲೆ ಕೂರುವ ಆ ಕರಿಯ ಆಕೃತಿ ಅವನಿಗೂ ಬರುತ್ತದೆಯೆ, ಅದಕ್ಕೆ ಮುಖವಿರುತ್ತದೆಯೆ ಎಂದು ಅವಳು ಕೇಳಿದ್ದು ನನ್ನ ಕಿವಿಗೂ ಬಿದ್ದಿತು. ಅದನ್ನು ಅವಳು ತಾಯಿಗೂ ಹೇಳಿರಲಿಲ್ಲವಂತೆ.

ತಾಯಿ, ಮಗಳು, ನಾವಿಬ್ಬರು ಹಗರಿಬೊಮ್ಮನಹಳ್ಳಿಯ ಮೇಲೆ ಕೂಡ್ಲಿಗಿಗೆ ಬಂದೆವು; ಬೆಂಗಳೂರಿನ ಬಸ್ಸು ಹಿಡಿಯುವುದು ಅಲ್ಲಿ. ಹೆದ್ದಾರಿಯ ಮೇಲಿನ ಊರು, ಹಗಲೂ ಇರುಳೂ ಲಾರಿಗಳ ಓಡಾಟ. ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವೊಂದು ಈ ಸಣ್ಣ ಊರಿನಲ್ಲಿದೆ. ಅದನ್ನು ನೋಡಿಕೊಂಡು ಬರುವಷ್ಟು ಹೊತ್ತು ನಮಗಿತ್ತು. ಮೂರ್ಛೆಯ ಗುಳಿಗೆಯನ್ನು ಆ ದಿನವೇ ಎಸೆದುಬಿಡುತ್ತೇನೆಂದು ಹೊರಟಿದ್ದ ತಾಯಿಯನ್ನು ಹುಡುಗ ತಡೆದ. ಅಂಥ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಅಪಾಯ. ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು. ಪರೀಕ್ಷೆಗೆ ಮುಂಚೆ ಎರಡು ವಾರದ ನಿದ್ದೆಯ ಲೆಕ್ಕ ಬೇಕೆಂದು ಅವನು ಒಂದು ನೋಟುಬುಕ್ಕಿಗೆ ಗೆರೆ ಹಾಕಿ ಕೊಟ್ಟಿದ್ದ. ಮಲಗಿದ ಹೊತ್ತು, ಎದ್ದ ಹೊತ್ತು, ನಕ್ಕು ಕುಸಿದದ್ದು ಎಷ್ಟು ಸಲ, ಎಲ್ಲಕ್ಕೂ ಒಂದೊಂದು ಮನೆ. ಮೊದಲ ಪುಟ ಆಗಲೇ ತುಂಬಿತ್ತು. ಒಂದೆಡೆ ಹುಡುಗಿಯ ದುಂಡನೆಯ ಅಕ್ಷರ, ಇನ್ನೊಂದೆಡೆ ತಾಯಿಯದು.

ರಾತ್ರಿ ಹತ್ತರ ಸುಮಾರಿಗೆ ಬಸ್ಸು ಬಂದಿತು. ಊರಿನ ದೀಪಗಳು ಇನ್ನೂ ಕಾಣುತ್ತಿದ್ದಾಗಲೇ ಹುಡುಗಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ತಾಯಿ ಎಬ್ಬಿಸಲಿಲ್ಲ. ಕಂಡಕ್ಟರರನ್ನು ಗಂಟೆ ಎಷ್ಟಾಯಿತೆಂದು ಕೇಳಿ, ಮಡಿಲಿನಲ್ಲಿದ್ದ ನೋಟುಬುಕ್ಕನ್ನು ತೆರೆದರು.